ಪ್ರೊಫೆಸರರ ಕಟಿಂಗು

ಸಾಂಕ್ರಾಮಿಕ ರೋಗಕ್ಕೆ ಹೆದರಿ ಊರಿಗೆ ಬೀಗ ಹಾಕಿದರೆಂದು ಜನರ ತಲೆಗೂದಲು ಬೆಳೆಯುವುದೇನೂ ನಿಲ್ಲಲಿಲ್ಲ. ನಿಂತದ್ದು ಕಟಿಂಗ್ ಅಂಗಡಿಯವನ ಮನೆಯ ಒಲೆ. ಶಟರ್ ಎಳೆದು ಕೂತವನು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡಿದ್ದ. ಹೆಂಡತಿಗೋ, ಹತ್ತಿ ಗಿರಣಿಯ ಧೂಳು ಕುಡಿದು ಕುಡಿದು ಎದೆ ಎಂದೋ ಕೆಟ್ಟಿತ್ತು. ಈ ರೋಗ ಹತ್ತಿರ ಸುಳಿದರೂ ನೀನು ಉಳಿಯಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅಂಥದರಲ್ಲಿ ಪ್ರೊಫೆಸರ್ ಸಾಹೇಬರ ಮನೆಯಿಂದ ಕರೆ ಬಂತು. ಸಂಜೆ ಟಿವಿಯಲ್ಲಿ ಮಾತಾಡಬೇಕಂತೆ, ತಲೆ ಕಾಡಾಗಿದೆಯಂತೆ.

"ಹೋಗ್ಬೇಡ್ರೀ. ನಂಗೆ ಹಸಿವು ಅಭ್ಯಾಸ ಆಗಿದೆ," ಅಂದಳು ಹೆಂಡತಿ.

"ಡಬ್ಬದಲ್ಲಿ ಅಕ್ಕಿ ಇದ್ಯಾ?"

ಅವಳು ಡಬ್ಬವನ್ನು ಬೋರಲು ಹಾಕಿದಳು. ಅವನು ಕತ್ತರಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು, ಪೊಲೀಸರ ಕಣ್ಣು ತಪ್ಪಿಸಿ ಹಿಂದಿನ ಓಣಿಯಲ್ಲಿ ನಡೆದ.

ಸಾಹೇಬರ ಬಾಗಿಲಲ್ಲೇ ಕೈಕಾಲಿಗೆಲ್ಲ ಔಷಧಿ ಹೊಡೆದು ಒಳಗೆ ಬಿಟ್ಟರು. ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತ ಸಾಹೇಬರು ಸಂಜೆಯ ಮಾತನ್ನು ಈಗಲೇ ಒಪ್ಪಿಸತೊಡಗಿದರು.

"ಈ ಬಂದ್ ತಪ್ಪು ಕಣಯ್ಯಾ. ದುಡಿಯೋರನ್ನ ಮನೇಲಿ ಕೂರಿಸಿ ದೇಶ ಹಾಳು ಮಾಡ್ತಿದಾರೆ. ನಿನ್ನ ಅಂಗಡಿ ಯಾಕೆ ಮುಚ್ಚಿರಬೇಕು, ಹೇಳು?"

ಅವನ ಕಣ್ಣಲ್ಲಿ ನೀರೇ ಬಂತು. ಕೊನೆಗೂ ಒಬ್ಬರಾದರೂ ತನ್ನ ಪರ ಮಾತಾಡಿದರಲ್ಲ! "ಸರಿಯಾಗಿ ಹೇಳಿದ್ರಿ ಸಾರ್. ಇದನ್ನೇ ಟಿವೀಲಿ ಜೋರಾಗಿ ಹೇಳಿ."

"ಹೇಳದೆ ಬಿಡ್ತೀನಾ? ಸಾಯ್ತಿರೋರು ಯಾರು? ವಯಸ್ಸಾದೋರು, ಎದೆ ಕೆಟ್ಟೋರು. ಇವತ್ತಲ್ಲ ನಾಳೆ ಹೋಗೋರೇ. ಅವರ ನಾಲ್ಕು ದಿನದ ಜೀವಕ್ಕೆ ನಾವೆಲ್ಲ ಎಷ್ಟು ಅಂತ ತೆರೋದು?"

ಕತ್ತರಿ ಗಾಳಿಯಲ್ಲೇ ನಿಂತಿತು. ಅಂಗಡಿ ತೆಗೆಯಬೇಕು, ಅವಳೂ ಇರಬೇಕು. ಎರಡನ್ನೂ ಒಟ್ಟಿಗೆ ಕೇಳುವುದು ಅಷ್ಟೊಂದು ದುರಾಸೆಯೇ?

ಸಾಹೇಬರು ಕೆಮ್ಮಿದರು. ತಡೆದು ಮತ್ತೆ ಕೆಮ್ಮಿದರು.

"ಕೆಮ್ಮು ಇದ್ಯಾ ಸಾರ್?"

"ಏಸಿ ಗಾಳಿ ಕಣಯ್ಯಾ. ನೀನು ಕೆಲಸ ನೋಡು."

ಮನಸ್ಸು ಮನೆಯಲ್ಲಿತ್ತು, ಕೈ ತನ್ನ ಪಾಡಿಗೆ ನಡೆಯುತ್ತಿತ್ತು. ಕುತ್ತಿಗೆಯ ಮೇಲೆ ಚೂರು ಕೂದಲು ಕೂತದ್ದು ಕಂಡಿತು. ಅಪ್ಪನಿಂದ ಬಂದ ರೂಢಿ, ಮಾಸ್ಕನ್ನು ಕೆಳಗೆಳೆದು "ಉಫ್" ಎಂದು ಊದಿಯೇ ಬಿಟ್ಟ.

ಸಾಹೇಬರು ಹಾವು ತುಳಿದವರಂತೆ ಹಾರಿ ನಿಂತರು. "ಅಯೋಗ್ಯ! ನನ್ನ ಸಾಯಿಸ್ತೀಯಾ? ಪ್ರಾಣ ಅಂದ್ರೆ ಏನು ಅಂತ ಗೊತ್ತಾ ನಿಂಗೆ?"

"ಗೊತ್ತು ಸಾರ್. ಮನೇಲಿ ಒಬ್ಬಳಿದಾಳೆ."

ಕೇಳಿಸಿಕೊಳ್ಳುವ ಪುರುಸೊತ್ತು ಯಾರಿಗಿತ್ತು? ಸಾಹೇಬರು ಕುತ್ತಿಗೆಗೆ ಔಷಧಿ ಸುರಿದುಕೊಂಡು, ಸೋಪು ಹಚ್ಚಿ, ಚರ್ಮ ಕೆಂಪಾಗುವ ತನಕ ಉಜ್ಜಿದರು. ಒಂದು ಮಗ್ಗುಲು ಇನ್ನೂ ಕಾಡೇ ಆಗಿದ್ದರಿಂದ ಅವನನ್ನು ಓಡಿಸುವ ಹಾಗಿರಲಿಲ್ಲ. ಉಸಿರು ಬಿಗಿಹಿಡಿದು ಕೂತು ಮುಗಿಸಿಕೊಂಡರು. ಆಮೇಲೆ ಒಂದು ಚಿಕ್ಕ ಅಕ್ಕಿ ಚೀಲವನ್ನು ಕಾಲಲ್ಲಿ ಅವನ ಕಡೆ ತಳ್ಳಿದರು.

ಚೀಲವನ್ನು ಮನೆಯ ಹೊಸ್ತಿಲಲ್ಲಿಟ್ಟು ಅವನು ಓಣಿಯಲ್ಲೇ ಕೂತ. ಸಾಹೇಬರ ಆ ಕೆಮ್ಮನ್ನು ಹೊತ್ತುಕೊಂಡು ಒಳಗೆ ಹೇಗೆ ಹೋಗುವುದು? ಹೊರಗೆ ಎಷ್ಟು ದಿನ ಕೂರುವುದು?

ಎದುರು ಮನೆಯಲ್ಲಿ ಟಿವಿ ಹಚ್ಚಿದ್ದರು. ಹೆಂಡತಿ ಕಿಟಕಿಗೆ ಬಂದಳು.

"ಅಲ್ನೋಡ್ರೀ, ನಿಮ್ಮ ಸಾಹೇಬ್ರು! ಕಟಿಂಗು ಎಷ್ಟು ಚೆನ್ನಾಗಿ ಕೂತಿದೆ."

ಸಾಹೇಬರು ಅದೇ ಮಾತನ್ನು ಇನ್ನಷ್ಟು ಚಂದ ಮಾಡಿ ಹೇಳುತ್ತಿದ್ದರು. ಅವಳು ಕಿಟಕಿಯ ಸರಳು ಹಿಡಿದು, ಏದುಸಿರು ಬಿಡುತ್ತ ಪೂರ್ತಿ ಕೇಳಿದಳು.

"ಎದೆ ಕೆಟ್ಟೋರು ಅಂದ್ರೆ ನನ್ನಂಥೋರೇ ಅಲ್ವಾ?"

"ಅವನ ಮಾತು ಹಾಳಾಗ್ಲಿ. ನೀನು ಒಳಗೆ ಹೋಗು."

"ಯಾಕ್ರೀ ಬೈತೀರಾ? ಅಷ್ಟು ದೊಡ್ಡೋರು ಹೇಳಿದ ಮೇಲೆ ಸರ್ಕಾರ ಕೇಳದೆ ಇರತ್ತಾ? ಈ ವಾರನೇ ನಿಮ್ಮ ಅಂಗಡಿ ತೆಗೆಸ್ತಾರೆ, ನೋಡ್ತಿರಿ," ಅಂದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಗೆಲುವಿತ್ತು.