ಡ್ರಮ್ಮಿನಲ್ಲಿ ಕರಗದ ಹಸಿರು ತೋಳು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಲ್ಯಾಟಿನ್‌ನಿಂದಲೇ? ‘ಕಾಂಪೋಸ್ಟ್’ ಎಂಬ ಪದದ ಬೇರು ಅಲ್ಲಿದೆ. ಅರ್ಥ: ಒಟ್ಟಿಗೆ ಇಟ್ಟದ್ದು.

“ವಾಸನೆಯಿಂದ ಶುರು ಮಾಡಿ,” ಎಂದಳು ಟೈಲರಮ್ಮ, ಗುಂಡುಸೂಜಿ ಕಚ್ಚಿಕೊಂಡೇ. “ಮನೆ ಓನರ್ ಮೂಗು ಮುಚ್ಕೊಂಡು ನಿಂತಿದಾರೆ, ನಿಮಗೆ ಲ್ಯಾಟಿನ್ ಚಿಂತೆ!”

(ಪಾತ್ರವೊಂದು ಇಷ್ಟು ಬೇಗ ಬಾಯಿ ಹಾಕಬಾರದು. ಹಾಕಿಯಾಯಿತು. ಇರಲಿ.)

೨
ಸರಿ, ವಾಸನೆ. ತಾರಸಿಯ ಮೂಲೆಯಲ್ಲೊಂದು ನೀಲಿ ಡ್ರಮ್. ಅಡುಗೆಮನೆಯ ಸಿಪ್ಪೆ, ಹೊಲಿಗೆ ಅಂಗಡಿಯ ಚಿಂದಿ, ಎಲ್ಲ ಅದರೊಳಗೆ. ಗೊಬ್ಬರವಾಗಬೇಕಾದದ್ದು ಗಬ್ಬೆದ್ದಿದೆ.

“ಭಾನುವಾರದೊಳಗೆ ವಾಸನೆ ಹೋಗ್ಬೇಕು ಟೈಲರಮ್ಮ, ಇಲ್ಲಾಂದ್ರೆ ಡ್ರಮ್ ಹೋಗುತ್ತೆ,” ಎಂದರು ಓನರ್. “ಕೊಳೆಸೋದಕ್ಕೂ ಒಂದು ಇತಿಮಿತಿ ಬೇಡ್ವಾ?”

“ಅಂಕಲ್, ಕಾಂಪೋಸ್ಟ್ ಅಂದ್ರೆ ಕೊಳೆಸೋದಲ್ಲ, ಕೂಡಿಸಿಡೋದು,” ಎಂದಳು ಟೈಲರಮ್ಮನ ಮಗಳು. “ಡಿಕ್ಷನರೀಲಿ ನೋಡಿದೀನಿ. ಸ್ಕೂಲಲ್ಲಿ ಬರೀತೀವಲ್ಲ ಕಾಂಪೋಸಿಷನ್, ಅದೂ ಇದೇ ಬೇರಿಂದ ಬಂದಿದ್ದು.”

“ಹಾಗಾದ್ರೆ ನಿಮ್ಮ ಕಾಂಪೋಸಿಷನ್ನಿಗೆ ಸೊನ್ನೆ ಮಾರ್ಕು!” ಓನರ್ ಇಳಿದು ಹೋದರು.

ಡ್ರಮ್ ಹೋದರೇನಂತೆ ಎಂದು ನೀವು ಕೇಳಬಹುದು. ಕೆಳಗೆ ಅಂಗಡಿಯಲ್ಲಿ ದಿನವಿಡೀ ಹೊಲಿಗೆ ಮೆಷಿನ್ನಿನ ಸದ್ದು. ಮಗಳು ಏನು ಹೇಳಿದರೂ ಟೈಲರಮ್ಮ “ಹೂಂ” ಅನ್ನುತ್ತಾಳೆ. ಸಂಜೆ ಡ್ರಮ್ ಕೆದಕುವಾಗಷ್ಟೇ ತಾಯಿ ಮಗಳು ಮಾತಾಡುವುದು.

೨ (ಮತ್ತೊಮ್ಮೆ)
ಮೊದಲ ಕರಡಿನಲ್ಲಿ ಟೈಲರಮ್ಮ ಇಲ್ಲಿ ಅತ್ತಿದ್ದಳು.

“ನಾನ್ಯಾಕೆ ಅಳ್ಲಿ?” ಎಂದು ತೋಳು ಮಡಚಿ, ಡ್ರಮ್ಮನ್ನು ಟಾರ್ಪಾಲಿನ ಮೇಲೆ ಬೋರಲು ಹಾಕಿಯೇಬಿಟ್ಟಳು. ಕರಡು ರದ್ದು.

ಸಿಪ್ಪೆ ಕರಗಿ ಕಪ್ಪಾಗಿತ್ತು. ಅದರ ನಡುವೆ ರವಿಕೆಯದೋ ಅಂಗಿಯದೋ ಒಂದು ಹಸಿರು ತೋಳು, ಆಗಷ್ಟೇ ಕತ್ತರಿಸಿದಂತೆ. ಪಾಲಿಯೆಸ್ಟರ್! ಅದರಡಿ ಇನ್ನೊಂದು, ಮತ್ತೊಂದು. ಗಾಳಿಯಾಡದಂತೆ ಪದರ ಪದರವಾಗಿ ಅಂಟಿಕೊಂಡಿದ್ದವು. ವಾಸನೆಯ ಮೂಲ ಇದೇ.

“ಮುಟ್ಟಿದ್ರೇ ಯಾವ ಬಟ್ಟೆ ಅಂತ ಹೇಳ್ತೀನಿ ಅಂತಿದ್ಯಲ್ಲಮ್ಮಾ?”

“ಗಿರಾಕಿ ಬಟ್ಟೆ ಮುಟ್ಟಿ ನೋಡ್ತೀನಿ ಕಣೇ. ಕಸ ಅಂತ ಬಾಚಿ ಹಾಕಿದ್ದನ್ನ ಯಾರು ನೋಡ್ತಾರೆ?” ಹಸಿರು ತೋಳನ್ನು ಬೆರಳಲ್ಲಿ ಉಜ್ಜಿ, “ನೋಡ್ಬೇಕಿತ್ತು,” ಎಂದಳು.

ಇಬ್ಬರೂ ಕೂತು ಚಿಂದಿ ಹೆಕ್ಕತೊಡಗಿದರು. ಹೆಕ್ಕುತ್ತಾ ಹೆಕ್ಕುತ್ತಾ ಮಗಳು, ತರಗತಿಯಲ್ಲಿ ತನ್ನ ಪಕ್ಕ ಯಾರೂ ಕೂರುವುದಿಲ್ಲ ಎಂದಳು. (ಇದು ನನಗೂ ಗೊತ್ತಿರಲಿಲ್ಲ.)

ಟೈಲರಮ್ಮ ಹೂಂ ಅನ್ನಲಿಲ್ಲ. “ಯಾವತ್ತಿಂದ?” ಎಂದಳು.

೪
(ಮೂರು ಎಲ್ಲಿ ಎನ್ನುತ್ತೀರಾ? ತಾಳಿ.)

ಅಂತ್ಯ ಒಂದು: ಭಾನುವಾರ ಓನರ್ ಬಂದು, ಮೂಸಿ, ತಲೆದೂಗುತ್ತಾರೆ. ಅಂತ್ಯ ಎರಡು: ಡ್ರಮ್ ಗುಜರಿಗೆ. ಎರಡನ್ನೂ ಬರೆದು ಟೈಲರಮ್ಮನ ಮುಂದಿಟ್ಟೆ. “ಯಾವುದು ಬೇಕೋ ಆರಿಸಿಕೊಳ್ಳಿ.”

“ಒಣ ಕಾಗದ ತಾನೇ? ಡ್ರಮ್ಮೊಳಗೆ ಪಸೆ ಜಾಸ್ತಿಯಾಗಿದೆ, ಹೀರ್ಕೊಳ್ಳುತ್ತೆ. ಎರಡೂ ಕೊಡಿ.”

“ಅಯ್ಯೋ, ಓದುಗರಿಗೆ ಏನು ಹೇಳಲಿ?”

“ಭಾನುವಾರ ಇನ್ನೂ ಬಂದಿಲ್ಲ ಅನ್ನಿ.”

ತಾಯಿ ಒಂದನ್ನು, ಮಗಳು ಒಂದನ್ನು ಚೂರುಚೂರು ಮಾಡಿ, ಮತ್ತೆ ತುಂಬಿದ ಡ್ರಮ್ಮಿನೊಳಗೆ ಉದುರಿಸಿದರು. ಮೂರನೆಯ ಭಾಗವೂ ಅಲ್ಲೇ ಹೋಯಿತು. ಮಗಳು ಕೋಲು ತಂದು ಕೆದಕತೊಡಗಿದಳು.

“ಆಮೇಲೇನಾಯ್ತು, ಹೇಳು,” ಎಂದಳು ಟೈಲರಮ್ಮ.

ನನಗಲ್ಲ, ಮಗಳಿಗೆ.