ಜಗಳೂರಿನ ತಿಪ್ಪೇಶಪ್ಪ ಜಾಝ್ ಕೇಳಿದ್ದು

೧

ಎಲ್ಲಿಂದ ಶುರು ಮಾಡಲಿ? ಮೊದಲ ಕರಡಿನಲ್ಲಿ ಜಾಝ್ ಅಂದರೇನು ಅಂತ ಎರಡು ಪುಟ ವಿವರಿಸಿದ್ದೆ. ಓದಿದ ಗೆಳತಿ ವಿಜಯಶ್ರೀ, "ಮೇಷ್ಟ್ರೇ, ಇದು ಕಥೆನೋ ನೋಟ್ಸೋ?" ಅಂದರು. ಹರಿದು ಹಾಕಿದೆ. (ಹತ್ತೊಂಬತ್ತು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಹೇಳಿದವನ ಚಟ, ಕ್ಷಮಿಸಿ.) ಎರಡನೆಯ ಕರಡಿನಲ್ಲಿ ಧೋ ಎಂದು ಮಳೆ ಸುರಿಯುತ್ತಿತ್ತು. ಆದರೆ ಆ ದಿನ ಸುಡು ಬಿಸಿಲು. ಅದೂ ಹೋಯಿತು.

ಹಾಗಾಗಿ ನೇರವಾಗಿ ಹೇಳುತ್ತೇನೆ. ಚನ್ನಗಿರಿಯಲ್ಲಿ ರೇಣುಕಪ್ರಸಾದ್ ಅವರ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಅದರ ಮಹಡಿಯಲ್ಲೊಂದು ಕೋಣೆ, ಕೋಣೆಯಲ್ಲಿ ಅವರೇ ಜೋಡಿಸಿದ ಎರಡು ದೊಡ್ಡ ಸ್ಪೀಕರ್. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊನ್ನಾಳಿಯಿಂದ ಲ್ಯಾಬ್ ಟೆಕ್ನಿಷಿಯನ್ ವಿಜಯಶ್ರೀ, ನ್ಯಾಮತಿಯಿಂದ ನಾನು ಬಸ್ಸು ಹಿಡಿದು ಅಲ್ಲಿಗೆ ಬರುತ್ತೇವೆ. ಮೂರು ತಾಲೂಕಿಗೆ ಮೂರೇ ಜನ ಜಾಝ್ ಹುಚ್ಚರು. ಆದರೂ ನಮ್ಮಲ್ಲಿ ಒಮ್ಮತವಿಲ್ಲ.

೨

ಆ ಭಾನುವಾರ ಜಗಳ ಇಬ್ಬರು ಟ್ರಂಪೆಟ್ ವಾದಕರ ಮೇಲೆ. ಒಬ್ಬ ಸ್ವರಗಳನ್ನು ಕಾಳು ಎರಚಿದಂತೆ ಎರಚುತ್ತಾನೆ. ರೇಣುಕಪ್ರಸಾದ್‌ಗೆ ಅವನೇ ದೇವರು. ಇನ್ನೊಬ್ಬ ಒಂದು ಸ್ವರ ಊದಿ ಸುಮ್ಮನಾಗುತ್ತಾನೆ. ಆ ಸುಮ್ಮನಿರುವುದಕ್ಕೆ ವಿಜಯಶ್ರೀ ಪ್ರಾಣ ಬಿಡುತ್ತಾರೆ. ಎರಡನೆಯವನ ರೆಕಾರ್ಡ್ ತಿರುಗುತ್ತಿದ್ದಾಗ ಬಾಗಿಲಲ್ಲಿ ಬಿಳಿ ಅಂಗಿಯ ಒಬ್ಬ ಹಿರಿಯರು ನಿಂತಿದ್ದರು.

"ಯಾರ್ರೀ ಇವ್ನು ಊದೋನು?"

"ಅಮೆರಿಕದೋನು. ಸತ್ತು ಬಾಳ ವರ್ಷ ಆತು," ಅಂದರು ರೇಣುಕಪ್ರಸಾದ್.

"ಉಸ್ರು ಇನ್ನೂ ಐತಲ್ರೀ."

ಅವರೇ ತಿಪ್ಪೇಶಪ್ಪ. ಜಗಳೂರಿನವರು. ಮೂವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸಿದವರು. ಚನ್ನಗಿರಿಯಲ್ಲಿ ಟೀಚರಾಗಿರುವ ಮಗಳು ಯಶೋಧರಾಳ ಮನೆಗೆ ಬಂದವರು ದಾರಿಯಲ್ಲಿ ಶಬ್ದ ಕೇಳಿ ಹತ್ತಿ ಬಂದಿದ್ದರು. ಒಳಗೆ ಕರೆದರೂ ಕೂರಲಿಲ್ಲ. ಕಣ್ಣು ಮುಚ್ಚಿ ನಿಂತೇ ಕೇಳಿದರು. ನಡುವೆ ಕೈ ಎತ್ತಿದರು.

"ಇಲ್ಲಿ ನೋಡ್ರಿ, ಇಲ್ಲಿ ಇವ್ನ ತುಟಿ ಸೋತೈತೆ. ಮ್ಯಾಲೆ ಹೋಗಬೇಕಿತ್ತು, ಆಗ್ಲಿಲ್ಲ. ಕೆಳಗಿಳಿದ. ಆದ್ರೆ ಹೆಂಗೆ ಇಳಿದ ನೋಡ್ರಿ, ಇಳಿಯಾಕೇ ಹೊಂಟಿದ್ನೇನೋ ಅನ್ನಂಗೆ!"

ಹನ್ನೆರಡು ವರ್ಷ ಆ ರೆಕಾರ್ಡ್ ಕೇಳಿದ್ದೆವು. ಆ ಇಳಿತವನ್ನು ಹೊಗಳಿ ನಾನು ಒಂದು ಲೇಖನವನ್ನೇ ಬರೆದಿದ್ದೆ. ಅದರ ಹಿಂದೆ ನೋಯುವ ಒಂದು ತುಟಿ ಇದೆ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ರೇಣುಕಪ್ರಸಾದ್ ಮತ್ತೆ ಹಾಕಿದರು. ಹೌದು, ಇತ್ತು. ವಿಜಯಶ್ರೀ ತಮ್ಮ ತುಟಿ ಮುಟ್ಟಿಕೊಂಡರು.

೩

ಆಮೇಲೆ ಅವರು ಪ್ರತಿ ಭಾನುವಾರ ಜಗಳೂರಿನಿಂದ ಎರಡು ಬಸ್ಸು ಬದಲಿಸಿ ಬರತೊಡಗಿದರು. ಇಂಗ್ಲಿಷ್ ಹೆಸರಿಗೆ ನಾಲಿಗೆ ಹೊರಳದೆ, ಅವಸರದವನಿಗೆ ಗುಬ್ಬಿ, ಕಾಯುವವನಿಗೆ ಕೊಕ್ಕರೆ ಅಂತ ಹೆಸರಿಟ್ಟರು. ಇವರೆಲ್ಲರಿಗಿಂತ ಮೊದಲು ಆ ದೇಶದಲ್ಲೂ ಬೀದಿ ಬ್ಯಾಂಡುಗಳಿದ್ದವು, ಹೆಣದ ಹಿಂದೆಯೂ ನುಡಿಸುತ್ತಿದ್ದರು ಅಂತ ನಾನು ಒಂದು ದಿನ ಹೇಳಿದೆ.

"ಹಂಗಾರೆ ನಮ್ಮೋರೇ ಅನ್ರಿ," ಅಂದರು.

ನುಡಿಸಿ ಅಂತ ನಾವು ಕೇಳಿದೆವು. ಆಗಲ್ಲ ಅಂದರು. ಡಿಜೆ ಬಂದ ಮೇಲೆ ಟ್ರಂಪೆಟ್ ಎತ್ತಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಅದೊಂದೇ ಅಲ್ಲ.

"ಮದುವಿ ಮನಿ ಬಾಗ್ಲತನಕ ನುಡಿಸ್ತಿದ್ವಿ. ಒಳಗೆ ಕರೀತಿರಲಿಲ್ಲ. ಊಟಾನೂ ಹೊರಗೇ. ಕೂತು ಕೇಳ್ದೋರು ಒಬ್ರೂ ಇಲ್ಲ. ನಮ್ಮ ಹುಡುಗೀಗೆ ಸಾಲ್ಯಾಗೆ ಬ್ಯಾಂಡ್ನೋನ ಮಗಳು ಅಂತಿದ್ರು. ನಾನು ಊದ್ತಾ ಬಂದ್ರೆ ಆಕೆ ಬ್ಯಾರೆ ಓಣಿ ಹಿಡೀತಿದ್ಲು."

(ಕರಡು ಓದಿದ ಯಶೋಧರಾ ಇಲ್ಲಿ ತಕರಾರು ತೆಗೆದರು. "ಸಾರ್, ನಾನು ಓಡಿದ್ದು ಅಪ್ಪನ್ನ ಕಂಡು ನಾಚಿಕೆಗಲ್ಲ. ಕುಣಿಯೋರು ಅಪ್ಪನ ಮೇಲೆ ಬೀಳ್ತಿದ್ರು, ನೋಡಾಕೆ ಆಗ್ತಿರಲಿಲ್ಲ. ಅದನ್ನ ಬರೀರಿ." ಬರೆದಿದ್ದೇನೆ.)

೪

ಕಡೆಗೊಂದು ಭಾನುವಾರ ತಿಪ್ಪೇಶಪ್ಪ ಚೀಲದಲ್ಲಿ ಟ್ರಂಪೆಟ್ ತಂದರು. ಕುರ್ಚಿ ಕೊಟ್ಟೆವು.

"ಕೂತು ನುಡಿಸಿ ಗೊತ್ತಿಲ್ರೀ. ನೀವು ಕೂತ್ಕಳ್ರಿ. ನಾನು ನಡೀತೀನಿ."

ಕುರ್ಚಿಗಳನ್ನು ಹೊರಗಿಟ್ಟು ನೆಲದ ಮೇಲೆ ಕೂತೆವು. ಹತ್ತಡಿ ಕೋಣೆಯಲ್ಲಿ ಅವರು ಗೋಡೆಯಿಂದ ಗೋಡೆಗೆ ನಡೆಯುತ್ತಾ ಊದಿದರು. ಮೊದಲು ಬರೀ ಗಾಳಿ. ಆಮೇಲೆ ಒಡಕು. ಆಮೇಲೆ ದಿಬ್ಬಣದ ಒಂದು ಧಾಟಿ. ಅದನ್ನು ಅರ್ಧಕ್ಕೇ ಬಿಟ್ಟು ಅವರು ಬೇರೆಲ್ಲೋ ಹೊರಟರು. ಗುಬ್ಬಿಯಲ್ಲ, ಕೊಕ್ಕರೆಯೂ ಅಲ್ಲ. ಅದು ಏನೆಂದು ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದ್ದೇನೆ. ಯಾವಾಗಲೂ ವಾದ ಮಾಡುವ ರೇಣುಕಪ್ರಸಾದ್ ಕೈಮುಗಿದುಕೊಂಡು ಕೂತಿದ್ದರು ಅಂತಷ್ಟೇ ಹೇಳಬಲ್ಲೆ.

ಆಗ ಯಶೋಧರಾ ಬಂದರು. ಅಪ್ಪನನ್ನು ಊಟಕ್ಕೆ ಕರೆಯಲು ಬಂದವರು ಹೊಸ್ತಿಲಲ್ಲೇ ನಿಂತರು.

೫

ಮುಕ್ತಾಯ ಒಂದು: ಮಗಳು ಅತ್ತಳು. ("ಅತ್ತಿಲ್ಲ ಸಾರ್.") ಮುಕ್ತಾಯ ಎರಡು: ತಿಪ್ಪೇಶಪ್ಪನವರಿಗೆ ಬೆಂಗಳೂರಿನಲ್ಲಿ ಸನ್ಮಾನ. ("ಸುಳ್ಳು ಯಾಕ್ ಬರೀತೀರಿ ಮೇಷ್ಟ್ರೇ? ಶಾಲು ನಂಗೆ ಸೆಕೆ.")

ಆದದ್ದು ಇಷ್ಟು. ಯಶೋಧರಾ ಚಪ್ಪಲಿ ಬಿಟ್ಟು ಒಳಗೆ ಬಂದು ವಿಜಯಶ್ರೀ ಪಕ್ಕ ನೆಲದ ಮೇಲೆ ಕೂತರು. ತಿಪ್ಪೇಶಪ್ಪ ನೋಡಿದರು. ಊದುವುದು ನಿಂತಿತು.

"ಅಪ್ಪಾ, ಇದನ್ನ ಯಾರ ಮದುವೇಲಿ ನುಡಿಸಿದ್ದೆ? ನಾನು ಕೇಳೇ ಇಲ್ಲ."

"ಯಾರ ಮದುವ್ಯಾಗೂ ಇಲ್ಲವ್ವ. ಈಗ ಬಂತು."

"ಇನ್ನೊಂದ್ಸಲ ನುಡಿಸು."

"ಅದೇ ಬರಾಕಿಲ್ಲ, ಬ್ಯಾರೆ ಬರ್ತೈತೆ."

"ಬರ್ಲಿ."

ಅವರು ಟ್ರಂಪೆಟ್ ಎತ್ತಿದರು. ಅಪ್ಪನಿಗೆ ದಾರಿಯಾಗಲೆಂದು ಯಶೋಧರಾ ಕಾಲು ಮಡಚಿಕೊಂಡರು. ಮುಂದಿನ ಸ್ವರ ಯಾವುದೆಂದು ತಿಪ್ಪೇಶಪ್ಪನವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನು ಪೂರ್ಣವಿರಾಮ ಇಡುವುದಿಲ್ಲ, ಅವರು ಈಗಷ್ಟೇ ಉಸಿರು ಎಳೆದುಕೊಂಡಿದ್ದಾರೆ