ಐತನ ಕುತ್ತಿ

ಬೆಳ್ಳಕ್ಕಿಯೊಂದು ಬಕೆಟಿನ ಹಿಂದೆ ಹಿಂದೆಯೇ ನಡೆದು ಬರುತ್ತಿದೆ, ಹೆದರಿಕೆ ಎಂಬುದೇ ಇಲ್ಲ, ಹಿಂದೆಲ್ಲ ಕೋಣಗಳ ಕಾಲಡಿ ಉಳುಮೆಯ ಸಾಲಿನಲ್ಲಿ ಓಡಾಡಿಕೊಂಡಿದ್ದ ಹಕ್ಕಿ, ಈಗ ಜೆಸಿಬಿಗೂ ಒಗ್ಗಿಕೊಂಡಿದೆ, ಹುಳ ಸಿಕ್ಕಿದರಾಯಿತು, ಅಗೆದವರು ಯಾರಾದರೇನು. ಕೊಯ್ಲು ಮುಗಿದು ವಾರವಾಯಿತು, ಕೂಳೆಯ ಮೇಲಿನ ಇಬ್ಬನಿ ಈಗಷ್ಟೇ ಆರುತ್ತಿದೆ, ಆಚೆ ಬೈಲಿನಲ್ಲಿ ಉದ್ದು ಬಿತ್ತಲು ಟಿಲ್ಲರ್ ಇಳಿದಿದೆ, ಎಲ್ಲರ ಕೆಲಸವೂ ಸಾಗುತ್ತಿದೆ, ನನ್ನದೊಂದು ಬಿಟ್ಟು — ಏಳೂವರೆಗೆ ಶುರು ಮಾಡಿದ್ದು, ಒಂಬತ್ತೂವರೆ ಆಯಿತು, ಕುತ್ತಿ ಅಲುಗಿಲ್ಲ. ಕಿರಾಲ್‌ಬೋಗಿ ಮರದ ಕುತ್ತಿ, ಸೊಂಟದೆತ್ತರ, ಮೂರು ಜನ ಕೈ ಕೈ ಹಿಡಿದು ನಿಂತರೂ ಸುತ್ತು ಮುಟ್ಟದು, ಗೆದ್ದಲು ತಿನ್ನದ ಜಾತಿ, ಮರ ಕಡಿದು ಮೂವತ್ತೆಂಟು ಮಳೆಗಾಲ ಕಳೆದರೂ ಬೊಡ್ಡೆ ಮಾತ್ರ ಕಬ್ಬಿಣದ ಹಾಗೆ ದೊಡ್ಮನೆಯ ದಾರಿಗೆ ಅಡ್ಡ ಕೂತಿದೆ. ಐತನ ಕುತ್ತಿ. ಐತ ಅಂದರೆ ನನ್ನ ಅಪ್ಪ. ಕೀಳಲಾಗದೆ ಬಿಟ್ಟವನ ಹೆಸರನ್ನೇ ಊರು ಅದಕ್ಕೆ ಇಟ್ಟಿತು, ಐತನ ಕುತ್ತಿ ಹತ್ರ ಎಡಕ್ ತಿರ್ಗಿ ಅಂತ ಕೊರಿಯರ್‌ನವನಿಗೂ ದಾರಿ ಹೇಳುತ್ತಾರೆ, ಹೇಳುವವರು ಈಗ ನಗುವುದೂ ಇಲ್ಲ, ಅಷ್ಟು ಹಳತಾಗಿದೆ, ಆದರೆ ನನಗೆ ಹಳತಾಗಿಲ್ಲ, ತೆಕ್ಕಟ್ಟೆ ಪೇಟೆಯಲ್ಲಿ ಚಾ ಕುಡಿಯುವಾಗ ಪಕ್ಕದ ಮೇಜಿನಲ್ಲಿ ಯಾರಾದರೂ ಆ ಮಾತು ಎತ್ತಿದರೆ ಚಾ ಅಲ್ಲೇ ಬಿಟ್ಟು ಎದ್ದಿದ್ದೇನೆ. ಮೊನ್ನೆ ಮೆಷಿನಿನ ಧಣಿ ಪ್ರೇಮಾನಂದರು ಫೋನಿನಲ್ಲಿ ಸ್ವಲ್ಪ ತಡೆದೇ ಹೇಳಿದರು, ದೊಡ್ಮನೆ ಕುತ್ತಿ ತೆಗಿಕಂಬ್ರ್ ನಾಗ, ಬೇರೆಯವ್ರನ್ನ್ ಕಳ್ಸ್ಲಾ. ಬ್ಯಾಡ, ನಾನೇ ಹೋತೆ, ಅಂದೆ. ಈ ಮೂವತ್ತೆಂಟು ವರ್ಷದಲ್ಲಿ ನಾನು ಕಾಯುತ್ತಿದ್ದದ್ದು ಇದನ್ನೇ, ಅದನ್ನು ಅವರಿಗೆ ಯಾಕೆ ಹೇಳಲಿ.

ಇವತ್ತು ಮೆಷಿನನ್ನು ನೇರ ದೊಡ್ಮನೆಯ ಅಂಗಳಕ್ಕೇ ತಂದು ನಿಲ್ಲಿಸಿದೆ, ಬೇಲಿ ಒಂದು ಕಡೆ ಬಿಚ್ಚಿಸಿ ಗದ್ದೆಯ ಮೇಲಿಂದ ಹಾಯಿಸಿ, ಕುತ್ತಿಯ ಮನೆ ಬದಿಯಲ್ಲಿ ನಿಲ್ಲಿಸಿ ಜಾಕು ಊರಿದೆ. ರಸ್ತೆ ಬದಿಯಿಂದಲೇ ಕೆಲಸ ಮಾಡಬಹುದಿತ್ತು, ಆದರೂ ಮನೆ ಬದಿಯಿಂದಲೇ ಆಗಬೇಕು ಅನ್ನಿಸಿತು. ಯಾಕೆಂದರೆ ಆ ಮರ ನಿಂತಿದ್ದ ಕಾಲದಲ್ಲಿ ಮರವೇ ಗಡಿ, ನಮ್ಮವರು ಅಲ್ಲಿಯವರೆಗೆ ಬರಬೇಕು, ಅಲ್ಲಿ ನಿಂತು ಕೂಗಬೇಕು, ಗಂಜಿ ಕೊಟ್ಟರೆ ಅಲ್ಲೇ ಕುಡಿಯಬೇಕು, ಮರ ದಾಟಿ ಈಚೆಗೆ ಕಾಲಿಡುವ ಹಾಗಿಲ್ಲ. ಅಪ್ಪ ಒಂದು ದಿನವೂ ದಾಟಿದವನಲ್ಲ. ನಾನು ದಾಟಿದ್ದಷ್ಟೇ ಅಲ್ಲ, ಎಂಟು ಟನ್ನಿನ ಯಂತ್ರದ ಮೇಲೆ ಕೂತು ದಾಟಿದೆ, ಅವರ ತುಳಸಿಕಟ್ಟೆಯ ಎತ್ತರಕ್ಕಿಂತ ನನ್ನ ಸೀಟು ಮೇಲೆ. ಹದಿನೆಂಟು ವರ್ಷದಿಂದ ಈ ಲಿವರು ಹಿಡಿದವನು, ಹಂಗಾರಕಟ್ಟೆಯ ಉಸುಕಿನಲ್ಲಿ ಬಾವಿಗೆ ಸಿಮೆಂಟಿನ ರಿಂಗುಗಳನ್ನು ಸರಪಳಿ ಕಟ್ಟಿ ಇಳಿಸುವಾಗ ಒಂದೂ ಅಂಚು ಮುಕ್ಕಾಗಲು ಬಿಟ್ಟವನಲ್ಲ, ನಾಗನೇ ಬರ್ಕ್ ಅಂತ ಕೇಳಿ ಕರೆಸುವವರಿದ್ದಾರೆ. ಹಾಗಿರುವಾಗ ಈ ಕುತ್ತಿ ಎಷ್ಟರದ್ದು ಅಂದುಕೊಂಡೇ ಬಂದೆ. ಮನೆ ಬದಿಯಲ್ಲಿ ಒಂದಡಿ ಮಣ್ಣು, ಆಮೇಲೆ ಬರೀ ಮುರಕಲ್ಲು, ಬಕೆಟ್ ಕೆರೆಯುತ್ತದೆ, ಕಿರುಚುತ್ತದೆ, ಕೆಂಪು ಪುಡಿ ಏಳುತ್ತದೆ, ಬೇರು ಮಾತ್ರ ಕಲ್ಲಿನ ಬಿರುಕಿಗೆ ಬೆರಳು ತುರುಕಿದ ಹಾಗೆ ಹಿಡಿದುಕೊಂಡಿದೆ. ಹತ್ತೂವರೆಗೆ ಠಣ್ ಅಂತ ಬಕೆಟಿನ ಒಂದು ಹಲ್ಲು ಮುರಿದು ಹಾರಿತು. ದೊಡ್ಮನೆ ಅಜ್ಜಿಯ ಮೊಮ್ಮಗ ಪ್ರಖ್ಯಾತ್ ಮೊಬೈಲ್ ಹಿಡಿದು ನಿಂತಿದ್ದ, ಒಳ್ಳೆಯ ಹುಡುಗ, ಕುಂದಾಪುರದಲ್ಲಿ ಟೈಲ್ಸ್ ಅಂಗಡಿ, ನಾಗಣ್ಣ ಅಂತಲೇ ಕರೆಯುತ್ತಾನೆ — ನಾಗಣ್ಣ, ಐದ್ ಗಂಟಿ ಒಳ್ಗೆ ಬರ್ದಿದ್ರೆ ನಾಳೆ ಬೈಂದೂರಿಂದ ದೊಡ್ಡ ಹಿಟಾಚಿ ಬತ್ತ್, ಹೇಳಿಟ್ಟಿದ್ದೆ, ಬೇಜಾರ್ ಮಾಡ್ಕಣ್ಬೇಡಿ. ಬೇಜಾರು ಎಂತದ್ದು, ಅವನದ್ದೂ ತಪ್ಪಲ್ಲ, ಕಳೆದ ಮಳೆಗಾಲ ಅಜ್ಜಿ ಬಿದ್ದು ಸೊಂಟ ಮುರಿದಾಗ ಆಂಬುಲೆನ್ಸ್ ಕುತ್ತಿ ದಾಟಲಾಗದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಬೇಕಾಯಿತು. ಆದರೆ ನಾಳೆ ಬೈಂದೂರಿನವನೊಬ್ಬ ಬಂದು ಕಿತ್ತರೆ — ಅಪ್ಪನ ಕೈಲಿ ಆಗಲಿಲ್ಲ, ಮಗನ ಕೈಲೂ ಆಗಲಿಲ್ಲ, ಅಷ್ಟಾದರೆ ಸಾಕು, ನಾನು ಸತ್ತ ಮೇಲೂ ಊರು ಅದನ್ನೇ ಹೇಳುತ್ತದೆ.

ಅಜ್ಜಿ ಪ್ರಭಾವತಿ ಅಮ್ಮ ಜಗಲಿಯಲ್ಲಿ ವಾಕರ್ ಮುಂದಿಟ್ಟುಕೊಂಡು ಕೂತಿದ್ದಾರೆ, ಬೆಳಗಿಂದ ಅಲ್ಲೇ, ಚಾ ಕಳಿಸಿದಾಗ ಅಲ್ಲಿಂದಲೇ ಕೂಗಿದರು, ನಿನ್ನಪ್ಪನ ಕೈಯಂಗೆ ಆಗ್ದಿದ್ದದ್ದ್ ನಿನ್ ಮೆಷಿನಿಗ್ ಆತ್ತಾ ಕಾಂಬ ನಾಗ. ಕುಹಕವೋ ಸಲಿಗೆಯೋ ಗೊತ್ತಾಗುವುದಿಲ್ಲ, ಅವರು ಮಾತಾಡುವುದೇ ಹಾಗೆ. ಆತ್ತಮ್ಮ, ಅಂದೆ. ಹೇಳಿ ಆಯಿತು. ಆಗದಿದ್ದರೆ? ಅವರ ಗಂಡ ಇದ್ದಾಗ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು, ಎರಡಡಿ ಅಗ್ದ, ಒಂದ್ ಮುಡಿ ಅಕ್ಕಿ ತಿಂದ, ಸತ್ತೇ ಹೋದ. ಮುಡಿ ಅಕ್ಕಿ ತಂದದ್ದು ನಿಜ, ಬೈಹುಲ್ಲಿನ ಹಗ್ಗ ಸುತ್ತಿದ ಆ ದುಂಡು ಮೂಟೆ ತಲೆಯ ಮೇಲೆ ಹೊತ್ತು ಅಪ್ಪ ಗದ್ದೆಯಂಚಿನಲ್ಲಿ ಬರುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ, ನನಗೆ ಒಂಬತ್ತು ವರ್ಷ, ಕೆಲಸಕ್ಕೆ ಮೊದಲೇ ಸಿಕ್ಕಿದ ಕೂಲಿ ಅದು, ಕುತ್ತಿ ತೆಗೆದು ಕೊಡಬೇಕು ಅಷ್ಟೇ. ಮಳೆ ಬೇಗ ಹಿಡಿಯಿತು. ಹನ್ನೊಂದು ದಿನ ಹೋದ, ಹನ್ನೆರಡನೆಯ ದಿನ ಜ್ವರ, ಕಣ್ಣೆಲ್ಲ ಹಳದಿ, ಇಪ್ಪತ್ತನೆಯ ದಿನಕ್ಕೆ ಅಪ್ಪ ಇರಲಿಲ್ಲ. ಉಳಿದರ್ಧ ಮುಡಿಯನ್ನು ಅಬ್ಬಿ, ನನ್ನ ಹೆತ್ತವಳು, ಹೊತ್ತುಕೊಂಡು ಹೋಗಿ ಇದೇ ಕುತ್ತಿಯ ಪಕ್ಕ ಇಳಿಸಿ ಕೂಗಿದಳಂತೆ, ಸತ್ತವ್ನ ಮನಿ ಅಕ್ಕಿ ನಮ್ಗ್ ಎಂತಕ್, ತಕಂಡ್ ಹೋಗ್, ಅಂತ ಒಳಗಿನಿಂದಲೇ ಉತ್ತರ. ತಂದಳು. ಬೇಯಿಸಿದಳು. ಅಷ್ಟೂ ಅನ್ನ ನಾನೇ ಉಂಡಿದ್ದೇನೆ, ಹಸಿವೆಯಲ್ಲಿ ರುಚಿಯಾಗಿಯೇ ಇತ್ತು, ಅದೇ ಸಂಕಟ. ತಿರುಗಿ ಕೊಡಲು ಹೋದರೆ ತೆಗೆದುಕೊಳ್ಳದ ಸಾಲವನ್ನು ತೀರಿಸುವುದು ಹೇಗೆ, ಕುತ್ತಿ ಕಿತ್ತೇ ತೀರಿಸಬೇಕು, ಬೇರೆ ದಾರಿ ಇಲ್ಲ.

ಹನ್ನೆರಡೂವರೆಗೆ ಮೆಷಿನನ್ನು ರಸ್ತೆ ಬದಿಗೆ ತಂದೆ. ಮನಸ್ಸಿಲ್ಲದೆಯೇ ತಂದೆ, ಈಚೆ ಬದಿಯ ಕಲ್ಲು ಬಿಡಲಿಲ್ಲ, ಅದಕ್ಕೆ. ಬಕೆಟ್ ಊರಿದೆ — ಇಳಿಯಿತು. ಬೆಣ್ಣೆಗೆ ಇಳಿದ ಹಾಗೆ ಇಳಿದೇ ಹೋಯಿತು, ನಾನೇ ಗಾಬರಿಯಾಗಿ ಲಿವರು ಬಿಟ್ಟೆ. ಎರಡು ಮಾರು ಆಚೆ ಇರುವುದೆಲ್ಲ ಮುರಕಲ್ಲು, ಇಲ್ಲಿ ಮಾತ್ರ ಇಷ್ಟು ಮೆತ್ತಗೆ ಹೇಗೆ. ಎತ್ತಿದ ಮಣ್ಣು ನೋಡಿದೆ, ಒಂದೇ ಬಣ್ಣವಲ್ಲ, ಕೆಂಪು, ಕಪ್ಪು, ಹೆಂಚಿನ ಚೂರು, ಹಟ್ಟಿಯ ಗೊಬ್ಬರ, ಎಲ್ಲ ಕಲಸಿದ್ದು, ತುಂಬಿದ ಮಣ್ಣು. ಹದಿನೆಂಟು ವರ್ಷದಲ್ಲಿ ಕಲಿತದ್ದು ಒಂದಿದ್ದರೆ ಇದು, ಮನುಷ್ಯ ಒಮ್ಮೆ ಅಗೆದ ಮಣ್ಣು ಎಷ್ಟು ಕಾಲವಾದರೂ ಮೊದಲಿನ ಹಾಗೆ ಕೂರುವುದಿಲ್ಲ, ಲಿವರು ಹಿಡಿದ ಕೈಗೆ ಅದು ಗೊತ್ತಾಗಿಯೇ ಆಗುತ್ತದೆ. ಎರಡಡಿ ಅಂದಿದ್ದರು. ಎರಡಡಿ ಇಳಿದೆ, ಮೆತ್ತಗೆ. ನಾಲ್ಕಡಿ, ಮೆತ್ತಗೆ. ಆರಡಿಯಲ್ಲೂ ಹೆಂಚಿನ ಚೂರು ಬಂತು. ಎಂಜಿನ್ ಆರಿಸಿ, ಪಿಕಾಸಿ ಹಿಡಿದು ಹೊಂಡಕ್ಕೆ ಇಳಿದೆ, ನೆಲ ನನ್ನ ತಲೆಯ ಮೇಲಾಯಿತು, ತಂಪು, ಬೇರಿನ ಹುಳಿ ವಾಸನೆ, ಮೇಲಿಂದ ಪ್ರಖ್ಯಾತ್ — ಎಂತ ನಾಗಣ್ಣ, ಹಾವಾ? — ಇಲ್ಲ ಇಲ್ಲ, ನಿಲ್ಲಿ. ಎಡಗಡೆಯ ಬೇರು, ನನ್ನ ತೊಡೆಯಷ್ಟು ದಪ್ಪ, ಕುತ್ತಿಯಿಂದ ಮೊಳದಷ್ಟು ಬಂದು ನಿಂತುಬಿಟ್ಟಿದೆ. ಮುರಿದದ್ದಲ್ಲ. ಕಡಿದದ್ದು. ಕೈಯಿಂದ ಮಣ್ಣು ಉಜ್ಜಿದೆ, ಕಪ್ಪಗಿದೆ, ನುಣ್ಣಗಿದೆ, ಕೊಡಲಿಯ ಒಂದೊಂದು ಏಟಿನ ಮುಖವೂ ಹಾಗೇ ಉಳಿದಿದೆ, ಬಲಗಡೆಯ ಬೇರೂ ಹಾಗೆಯೇ, ನಡುವಿನದ್ದೂ ಹಾಗೆಯೇ. ಮೂರೂ ಕಡಿದಿದ್ದಾನೆ. ಹನ್ನೊಂದು ದಿನ, ಮಳೆಯಲ್ಲಿ, ಒಬ್ಬನೇ. ಅಬ್ಬಿ ಕೊನೆಯವರೆಗೂ ಬೈಯುತ್ತಿದ್ದಳು, ಒಳ್ಳೆ ಕೊಡ್ಲಿ ಹಿಡಿ ಎಂತಕ್ ತುಂಡ್ ಮಾಡ್ದ ಏನೋ, ಒಂದ್ ಸೌದಿ ಒಡುಕ್ ಬತ್ತಿಲ್ಲೆ. ಅಷ್ಟಗಲದ ಹೊಂಡದಲ್ಲಿ ಉದ್ದ ಹಿಡಿಯ ಕೊಡಲಿ ಬೀಸಲಾಗುವುದಿಲ್ಲ ಅಬ್ಬೇ, ಅದಕ್ಕೆ ತುಂಡು ಮಾಡಿದ, ನನಗೂ ಈಗ ಗೊತ್ತಾಯಿತು. ಪಿಕಾಸಿಯ ತುದಿಯಿಂದ ಕುತ್ತಿಯ ಅಡಿಗೆ ಚುಚ್ಚಿದೆ, ಅಲ್ಲೂ ಮೆತ್ತಗೆ, ಅಡಿಯಲ್ಲೂ ಗೂಡು ಕೊರೆದಿದ್ದಾನೆ, ಒಬ್ಬ ಮನುಷ್ಯ ಮಲಗುವಷ್ಟು. ಮಲಗುವಷ್ಟು ಯಾಕೆ? ನಿಂತವನು ನಿಂತೇ ಇದ್ದೆ. ಮನೆ ಬದಿಗೆ ಬಂದು ಅಗೆಯುವ ಹಾಗಿಲ್ಲವಲ್ಲ. ಆ ಬದಿಯದ್ದನ್ನೂ ಈ ಬದಿಯಿಂದಲೇ, ಅಡಿಯಿಂದಲೇ ಮುಟ್ಟಬೇಕು, ಅಂಗಾತ ಮಲಗಿ ಮೇಲಕ್ಕೆ ಹೊಡೆಯಬೇಕು.

ಪ್ರೇಮಾನಂದರ ಫೋನು. ಹಲ್ಲ್ ಮುರೀತಂಬ್ರ್? ಮೆಷಿನ್ ಉಳ್ಸ್ಕಂಡ್ ಬಾ ಮಾರಾಯ, ಕುತ್ತಿ ಎಲ್ಲೂ ಓಡಿ ಹೋತಿಲ್ಲೆ. ಇನ್ನ್ ಎರಡ್ ಗಂಟಿ ಕೊಡಿ, ಅಂದೆ. ನಿನ್ ದನಿ ಎಂತ ಹಾಂಗೆ ಇತ್ತ್? ಮಣ್ಣ್ ಕುಡ್ದಿದ್ದೆ, ಅಂದೆ, ನಗಾಡಿದರು. ಮೂರು ಗಂಟೆಗೆ ಮತ್ತೆ ಅಂಗಳಕ್ಕೆ ಬಂದೆ, ಈ ಸಲ ಗತ್ತಿಗಲ್ಲ, ಲೆಕ್ಕ ಹಿಡಿದೇ ಬಂದದ್ದು — ರಸ್ತೆ ಬದಿಯ ಬೇರೆಲ್ಲ ಅವನು ಬಿಡಿಸಿಟ್ಟಿದ್ದಾನೆ, ಅಡಿಯ ತಾಯಿಬೇರಿಗೂ ಆ ಬದಿಯಿಂದಲೇ ಏಟು ಹಾಕಿರಬೇಕು, ಹಾಗಾದರೆ ಎತ್ತಿದರೆ ಬರದು, ರಸ್ತೆ ಕಡೆಗೆ ಎಳೆದರೂ ಬರದು, ಮನೆಯ ಕಡೆಗೇ ಮಗುಚಬೇಕು, ಆಗ ಅವನ ಏಟು ಬಾಯಿ ತೆರೆಯುತ್ತದೆ. ಮರ ಬೀಳಿಸುವವರು ಬೀಳಬೇಕಾದ ದಿಕ್ಕಿಗೆ ತಕ್ಕ ಹಾಗೆ ಕಚ್ಚು ಹಾಕುವ ಹಾಗೆ, ಇದು ಬುಡಕ್ಕೆ ಹಾಕಿದ ಕಚ್ಚು. ಜಾಕು ಊರಿದೆ, ಕೈ ಉದ್ದಕ್ಕೆ ಚಾಚಿ ಬಕೆಟನ್ನು ಕುತ್ತಿಯ ಬೆನ್ನಿಗೆ ಹಾಕಿದೆ, ಉಳಿದ ಹಲ್ಲುಗಳು ಕಚ್ಚಿದವು, ಎಳೆದೆ. ಎಂಜಿನ್ ಏದುಸಿರು ಬಿಡುತ್ತದೆ, ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ, ಸೀಟು ಓರೆ, ಆಕಾಶ ಓರೆ, ಪ್ರಖ್ಯಾತ್ ಹಿಂದೆ ಹಿಂದೆ ಓಡುತ್ತಾನೆ, ಬಿಡು, ಇಳಿಸು, ಮತ್ತೆ ಎಳೆ, ನಿಧಾನ, ಇದು ಜಗಳವಲ್ಲ, ಅವನು ನಿಲ್ಲಿಸಿದಲ್ಲಿಂದ ಮುಂದುವರಿಸುವುದು, ಅಷ್ಟೇ, ಎಳೆ — ಒಂದು ಸದ್ದು. ದೊಡ್ಡದಲ್ಲ. ನೆಲದೊಳಗೆ ಯಾರೋ ಬಾಗಿಲು ತೆಗೆದ ಹಾಗೆ. ಮುಂದಿನ ಚಕ್ರ ದಡ್ ಅಂತ ಕೂತಿತು, ಕುತ್ತಿ ಮಗುಚಿತು, ಅಂಗಳದ ಕಡೆಗೆ ತಲೆ ಬಾಗಿಸಿ ಮಲಗಿತು, ಮುರಕಲ್ಲಿನ ಬೇರುಗಳು ಹಗ್ಗ ಹರಿದ ಹಾಗೆ ಪಟಪಟ ಹರಿದವು. ಪ್ರಖ್ಯಾತ್ ಕೂಗಿದ, ಬಂತ್ ನಾಗಣ್ಣಾ ಬಂತ್! ಗಂಟೆ ನಾಲ್ಕಕ್ಕೆ ಹತ್ತು ನಿಮಿಷ. ಕುತ್ತಿಯ ಅಡಿ ಬಿಸಿಲಿಗೆ ಬಿತ್ತು, ತಾಯಿಬೇರು ತುಂಡಾದ ಜಾಗ, ತಟ್ಟೆಯಷ್ಟು ಅಗಲ, ಅದರಲ್ಲಿ ಮುಕ್ಕಾಲು ಪಾಲು ಕಪ್ಪು, ನುಣುಪು, ಏಟಿನ ಮೇಲೆ ಏಟು, ಎಲ್ಲ ಏಟೂ ಕೆಳಗಿಂದ ಮೇಲಕ್ಕೆ. ಕಾಲು ಪಾಲು ಮಾತ್ರ ಹೊಸ ಕೆಂಪು ಸಿಬರು, ಅದು ನನ್ನದು. ಇನ್ನೊಂದು ದಿನ ಮೈಯಲ್ಲಿ ಜ್ವರ ಇಲ್ಲದಿದ್ದರೆ ಅದೂ ಅವನದ್ದೇ ಆಗುತ್ತಿತ್ತು.

ಪ್ರಭಾವತಿ ಅಮ್ಮ ವಾಕರ್ ಊರಿಕೊಂಡು ಅಂಗಳದ ತುದಿಯವರೆಗೆ ಬಂದರು, ಬೇಡ ಅಂದ ಮೊಮ್ಮಗನನ್ನು ಗದರಿಸಿ ಬಂದರು, ಕುತ್ತಿಯ ಅಡಿಗೆ ಬಗ್ಗಿ ನೋಡಿದರು, ಬೆರಳಿನಿಂದ ಆ ಕಪ್ಪನ್ನು ಮುಟ್ಟಿದರು. ಇದ್ ಕಡ್ದದ್ದ್ ಯಾರ್ ಅಮ್ಮಮ್ಮ, ಅಂತ ಪ್ರಖ್ಯಾತ್. ಅವರು ಅವನಿಗೆ ಹೇಳಲಿಲ್ಲ, ನನ್ನನ್ನೇ ನೋಡಿ ಹೇಳಿದರು, ಹೊಂಡಕ್ ಮಣ್ಣ್ ಹಾಕ್ಸಿದ್ದ್ ನಾವೇ, ಕರು ಬೀಳತ್ತಂದ್, ಅವ ಬಪ್ಪುದ್ ನಿಲ್ಸಿದ್ ಮರುದಿನವೇ, ಹೊಂಡದ್ ತುಂಬ ನೀರ್, ಆಳ ಎಷ್ಟಂದ್ ಕಂಡವ್ರ್ ಒಬ್ರೂ ಇಲ್ಲೆ. ಆಮೇಲೆ — ಈ ಬದಿಗ್ ಬಂದ್ ಕಡಿ ಅಂದಿದ್ರೆ ಅರ್ಧಕ್ಕರ್ಧ ಕೆಲ್ಸ ಕಡ್ಮೆ ಆತಿತ್ತ್. ಹೇಳುಕ್ ಒಬ್ರಿಗೂ ಬಾಯಿ ಬರ್ಲಿಲ್ಲೆ, ನಂಗೂ. ಆಯ್ತ್ ಮಗಾ, ಮುಡಿ ಅಕ್ಕಿ ಇವತ್ತಿಗ್ ತೀರ್ತ್. ಈ ಮಾತು ಕೇಳಲೆಂದೇ ಬಂದಿದ್ದೆ, ಬೆಳಿಗ್ಗೆ ಹೇಳಿದ್ದರೆ ಇಳಿದು ಕೈ ಮುಗಿದೇ ಬಿಡುತ್ತಿದ್ದೆ. ಈಗ ಇಳಿಯಬೇಕು ಅನ್ನಿಸಲಿಲ್ಲ. ಸೀಟಿನಲ್ಲಿ ಕೂತೇ ಅಂದೆ, ಇವತ್ತಲ್ಲ ಅಮ್ಮ, ಅದ್ ಅವತ್ತೇ ತೀರಿತ್. ಜೋರಾಗಿ ಅನ್ನಲಿಲ್ಲ, ಅವರಿಗೆ ಕೇಳಿಸುವಷ್ಟು. ಹೌದ್, ಅಂದರು. ಅಷ್ಟೇ ಅಂದರು. ನಾಗಣ್ಣ, ಹೊಂಡ ಮುಚ್ಚುವನಾ, ಹೊತ್ತ್ ಮುಳ್ಗೂದ್ರೊಳ್ಗೆ ಅಂತ ಪ್ರಖ್ಯಾತ್ ಕೇಳುತ್ತಿದ್ದಾನೆ, ಮುಚ್ಚಬೇಕು, ಮುಚ್ಚುತ್ತೇನೆ, ಆದರೆ ಒಮ್ಮೆ ಎಲ್ಲರೂ ಬಂದು ಬಗ್ಗಿ ನೋಡಲಿ, ಆಳ ನೋಡಲಿ, ಪೇಟೆಯವರೂ ಬರಲಿ, ಆಮೇಲೆ. ಕೈ ಲಿವರಿನ ಮೇಲಿದೆ, ಮುಂದಕ್ಕೆ ಹೋಗುವುದಿಲ್ಲ. ಕೆಳಗೆ ಅಪ್ಪ ಅಂಗಾತ ಮಲಗಿದ್ದಾನೆ, ಬೆನ್ನಡಿಯಲ್ಲಿ ನೀರು, ತುಂಡು ಹಿಡಿಯ ಕೊಡಲಿ ಮೇಲಕ್ಕೆ ಹೋಗುತ್ತದೆ, ಸಿಬರು ಮುಖದ ಮೇಲೆ ಬೀಳುತ್ತದೆ, ಕಣ್ಣು ಮುಚ್ಚಿ ಉಗಿಯುತ್ತಾನೆ, ಕೊಡಲಿ ಮೇಲಕ್ಕೆ, ಸಿಬರು ಮುಖದ ಮೇಲೆ, ಮತ್ತೆ ಮೇಲಕ್ಕೆ —